ದಾದಿಯರು ದಾಟಿದ ಕಡಲು

ಹೋದ ತಿಂಗಳು ನಮ್ಮ ಕೇರಿಯ ಹುಡುಗಿಯೊಬ್ಬಳು ಕಾಗದದ ಕಟ್ಟು ಹಿಡಿದುಕೊಂಡು ಮನೆಗೆ ಬಂದಳು. ನರ್ಸಿಂಗ್ ಮುಗಿಸಿ ಎರಡು ವರ್ಷ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿ ದುಡಿದವಳು. 'ಮೇಷ್ಟ್ರೆ, ಯಾವ ವೀಸಾ ಒಳ್ಳೇದು?' ಅಂತ ಕೇಳಿದಳು. ಅವಳ ಅಜ್ಜಿ ಊರಿಗೆ ಸೂಲಗಿತ್ತಿಯಾಗಿದ್ದವಳು. ದೊಡ್ಡಮನೆಗಳ ಮಕ್ಕಳನ್ನು ಈ ಲೋಕದಲ್ಲಿ ಮೊದಲು ಮುಟ್ಟಿದ ಕೈ ಆ ಮುದುಕಿಯದು. ಹೆರಿಗೆ ಮುಗಿದ ಮೇಲೆ ಅದೇ ಕೈಗೆ ಜಗಲಿಯ ಕೆಳಗೆ ನಿಲ್ಲಿಸಿ ಮೇಲಿಂದ ನೀರು ಹೊಯ್ಯುತ್ತಿದ್ದರು. ಮೊಮ್ಮಗಳು ಈಗ ಬೇರೆ ದೇಶದವರ ಮೈ ತೊಳೆಯಲು ಹೊರಟಿದ್ದಾಳೆ. ಹೋಗಲಿ, ಹೋಗಬಾರದು ಅನ್ನೋಕೆ ನಾವ್ಯಾರು? ಆದರೆ ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಫಿಲಿಪ್ಪೀನ್ಸಿಗೆ ಹೋಗಿ ನಿಂತೆ. ಅಲ್ಲಿಯ ಹೆಣ್ಣುಮಕ್ಕಳು ಮೂರು ನಾಲ್ಕು ತಲೆಮಾರಿನಿಂದ ಇದೇ ಪ್ರಶ್ನೆಯನ್ನು ಮೈಮೇಲೆ ಹೊತ್ತು ತಿರುಗಿದ್ದಾರೆ.

ಕತೆ ಶುರುವಾಗೋದು ಯುದ್ಧದಿಂದ. 1898ರಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕ ಎರಡು ಕೋಟಿ ಡಾಲರ್ ಕೊಟ್ಟು ಆ ದ್ವೀಪಗಳನ್ನು ಕೊಂಡಿತು. ಜಮೀನಿನ ಜೊತೆಗೆ ಆಳುಗಳನ್ನೂ ಕ್ರಯಕ್ಕೆ ಬರೆಸಿಕೊಂಡ ಹಾಗೆ. ನಮಗೆ ಸ್ವಾತಂತ್ರ್ಯ ಬೇಕು ಅಂತ ಎದ್ದವರನ್ನು 1899ರಿಂದ 1902ರವರೆಗೆ ಯುದ್ಧ ಹೂಡಿ ಬಗ್ಗುಬಡಿಯಿತು. ಬಂದೂಕಿನ ಬೆನ್ನಿಗೇ ಶಾಲೆ ಬಂತು, ಆಸ್ಪತ್ರೆ ಬಂತು. 1906ರಲ್ಲಿ ಇಲೊಯಿಲೊದ ಮಿಷನ್ ಆಸ್ಪತ್ರೆಯಲ್ಲಿ, 1907ರಲ್ಲಿ ಮನಿಲಾದಲ್ಲಿ ದಾದಿಯರ ಶಾಲೆ ತೆರೆದರು. ಪಾಠ ಅಮೆರಿಕದ್ದು, ಭಾಷೆ ಇಂಗ್ಲಿಷು. ಉಳ್ಳ ಮನೆಯವರು ಮೊದಮೊದಲು ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿದರು. ಪರಗಂಡಸರ ಮೈ ಮುಟ್ಟೋದು, ಮಲಮೂತ್ರ ಬಳಿಯೋದು ಆಳುಗಳ ಕೆಲಸ ಅಂತ. ಈ ಮಾತು ನಮಗೆ ಹೊಸದೆ? ನಮ್ಮಲ್ಲೂ ಮೇಲ್ಜಾತಿ ಮನೆಗಳು ಬಹುಕಾಲ ಈ ಕಸುಬಿಗೆ ಮೂಗು ಮುಚ್ಚಿಕೊಂಡವು. ಕೇರಳದ ಕ್ರೈಸ್ತ ಹೆಣ್ಣುಮಕ್ಕಳು ಇದನ್ನು ಕೈಗೆತ್ತಿಕೊಂಡು ಅನ್ನ ಮಾಡಿಕೊಂಡರು. ಆಮೇಲೆ ಡಾಲರ್ ವಾಸನೆ ಬಂದ ಮೇಲೆ ಮುಚ್ಚಿದ ಮೂಗುಗಳೆಲ್ಲ ತೆರೆದವು, ಆ ಮಾತು ಬೇರೆ.

1946ರಲ್ಲಿ ಫಿಲಿಪ್ಪೀನ್ಸಿಗೆ ಸ್ವಾತಂತ್ರ್ಯ ಬಂತು. ಸ್ವತಂತ್ರ ದೇಶದಿಂದ ಅಮೆರಿಕಕ್ಕೆ ನೆಲಸಲು ಹೋಗಬಹುದಾದವರು ವರ್ಷಕ್ಕೆ 100 ಜನ ಮಾತ್ರ. ಬಿಳಿಯರ ದೇಶಗಳಿಗೆ ಸಾವಿರಗಟ್ಟಲೆ, ಕಂದುಬಣ್ಣದವರಿಗೆ ನೂರು. ಆದರೆ ಯುದ್ಧ ಮುಗಿದ ಮೇಲೆ ಅಮೆರಿಕದ ಆಸ್ಪತ್ರೆಗಳಿಗೆ ದಾದಿಯರು ಸಾಲದೆ ಬಂದರು. ಆಗ ಹಿಂಬಾಗಿಲು ತೆರೆಯಿತು. 1948ರ ಕಾಯ್ದೆಯಡಿ ಬಂದ 'ವಿನಿಮಯ ಸಂದರ್ಶಕರ ಯೋಜನೆ'. ಹೆಸರು ಕೇಳಿ: ವಿನಿಮಯ, ಸಂಸ್ಕೃತಿ, ಸೌಹಾರ್ದ! ಬರುವವಳು ಕಲಿಯಲು ಬರುವವಳು, ಆದ್ದರಿಂದ ಅವಳಿಗೆ ಸಂಬಳ ಇಲ್ಲ, ಭತ್ಯೆ. ಎರಡು ವರ್ಷ ಆದಮೇಲೆ ವಾಪಸ್ಸು. ಊರಿಗೆ ಮರಳಿ ಎರಡು ವರ್ಷ ಇರದೆ ನೆಲಸುವ ವೀಸಾ ಕೇಳುವ ಹಾಗಿಲ್ಲ. 1956ರಿಂದ 1969ರೊಳಗೆ 11 ಸಾವಿರಕ್ಕೂ ಹೆಚ್ಚು ಫಿಲಿಪಿನೊ ದಾದಿಯರು ಈ ದಾರಿಯಲ್ಲಿ ಹೋದರು. ಎಷ್ಟೋ ಆಸ್ಪತ್ರೆಗಳು ಕಲಿಯಲು ಬಂದವಳ ಕೈಗೆ ಇಡೀ ವಾರ್ಡು ಕೊಟ್ಟವು. ಪೂರಾ ದಾದಿಯ ಕೆಲಸ, ವಿದ್ಯಾರ್ಥಿಯ ಭತ್ಯೆ. ನಮ್ಮ ಊರಿನ 'ಮನೆಮಗನ ಹಾಗೆ ಇದಾನೆ' ಅನ್ನೋ ಮಾತು ನೆನಪಾಗುತ್ತೆ. ಸಂಬಳ ಕೊಡಲು ಮನಸ್ಸಿಲ್ಲದವರೆಲ್ಲ ಹೇಳೋ ಮಾತು ಅದು.

1965ರಲ್ಲಿ ಅಮೆರಿಕ ತನ್ನ ವಲಸೆ ಕಾಯ್ದೆ ಬದಲಿಸಿತು. ದೇಶ ನೋಡಿ ಅಳೆಯುವ ಹಳೇ ಕೋಟಾ ಹೋಯಿತು. ಕರಿಯ ಜನರ ನಾಗರಿಕ ಹಕ್ಕುಗಳ ಹೋರಾಟ ಆ ಕಾಲದ ಗಾಳಿಯನ್ನೇ ಬದಲಿಸಿತ್ತು, ಅದನ್ನು ಮರೆಯಬಾರದು. ಓದಿದ ಕಸುಬಿನವರಿಗೆ ಪ್ರತ್ಯೇಕ ಬಾಗಿಲು ಸಿಕ್ಕಿತು. ಭಾರತದ ದಾದಿಯರು, ಅದರಲ್ಲೂ ಕೇರಳದವರು, ಒಳಹೋದದ್ದೂ ಇದೇ ಬಾಗಿಲಿಂದ. 1970ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಎಚ್-1 ಅನ್ನೋ ತಾತ್ಕಾಲಿಕ ವೀಸಾದ ಕಾಲ ಶುರುವಾಯಿತು. ಕೆಲಸ ಕಾಯಂ, ಕೆಲಸದವಳು ತಾತ್ಕಾಲಿಕ. ಇದರ ಜಾಣತನ ನೋಡಿ.

ಮನಿಲಾದಲ್ಲಿ ಪ್ರಯಾಣದ ಏಜೆಂಟರು ಹುಟ್ಟಿಕೊಂಡರು. ಮೊದಲು ಹಾರು, ಆಮೇಲೆ ಕಟ್ಟು ಅನ್ನೋ ಸಾಲದ ಯೋಜನೆ. ದಾದಿಯರ ಸಂಘದ ಪತ್ರಿಕೆಯಲ್ಲೇ ಇದರ ಜಾಹೀರಾತು ಬರುತ್ತಿತ್ತು. ಸಾಲ ಹೊತ್ತವಳು ಕೆಲಸ ಬಿಡಲಾರಳು, ಬೈದರೂ ಬಾಯಿ ತೆರೆಯಲಾರಳು. 1972ರಲ್ಲಿ ಮಾರ್ಕೋಸ್ ಸೈನಿಕ ಆಡಳಿತ ಹೇರಿದ. 1974ರ ಕಾರ್ಮಿಕ ಸಂಹಿತೆಯಲ್ಲಿ ಜನರನ್ನು ಹೊರಗೆ ಕಳಿಸೋದೇ ಸರ್ಕಾರದ ನೀತಿಯಾಯಿತು. ಹೊರಗೆ ದುಡಿಯುವವರು ಗಳಿಕೆಯ ಒಂದು ಪಾಲನ್ನು ಕಡ್ಡಾಯವಾಗಿ ಊರಿಗೆ ಕಳಿಸಬೇಕು. ಭೂಮಿ ಹಂಚಲಾರದ ಸರ್ಕಾರ ಹೆಣ್ಣುಮಕ್ಕಳ ದುಡಿಮೆಯನ್ನು ರಫ್ತು ಮಾಡಿ ಖಜಾನೆ ತುಂಬಿಕೊಳ್ಳಲು ಹೊರಟಿತು.

ಅಲ್ಲಿ ಹೋದವರ ಪಾಡೇನು? ಪ್ರತಿ ರಾಜ್ಯದಲ್ಲೂ ಪರವಾನಗಿ ಪರೀಕ್ಷೆ. ಹೊರದೇಶದವರಲ್ಲಿ ಬಹುಪಾಲು ಜನ ಅದರಲ್ಲಿ ಫೇಲು. ಫೇಲಾದವಳಿಗೆ ಆಯಾ ಸಂಬಳ, ಮಾಡಿಸುವ ಕೆಲಸ ಮಾತ್ರ ದಾದಿಯದೇ. ಮೇಲೆ ಗಡೀಪಾರಿನ ಹೆದರಿಕೆ. 1977ರಲ್ಲಿ ಒಂದು ಆಯೋಗ ಮಾಡಿ, ಹೊರಡುವ ಮೊದಲೇ ಅವರವರ ದೇಶದಲ್ಲಿ ಒಂದು ಪೂರ್ವಪರೀಕ್ಷೆ ನಡೆಸುವ ಏರ್ಪಾಡಾಯಿತು.

1975ರ ಬೇಸಿಗೆಯಲ್ಲಿ ಮಿಶಿಗನ್ ರಾಜ್ಯದ ಆನ್ ಆರ್ಬರಿನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ರೋಗಿಗಳ ಉಸಿರು ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಕೆಲವರು ಸತ್ತರು. ಸ್ನಾಯುಗಳನ್ನು ಸ್ತಬ್ಧ ಮಾಡುವ ಔಷಧಿಯನ್ನು ಯಾರೋ ಚುಚ್ಚಿದ್ದಾರೆ ಅಂತ ಎಫ್‌ಬಿಐ ಬಂತು. ಬೆರಳು ತೋರಿಸಿದ್ದು ಇಬ್ಬರು ದಾದಿಯರ ಕಡೆಗೆ: ಫಿಲಿಪೀನಾ ನಾರ್ಸಿಸೊ, ಲಿಯೊನೊರಾ ಪೆರೆಜ್. ಚುಚ್ಚಿದ್ದನ್ನು ಕಂಡವರು ಒಬ್ಬರೂ ಇಲ್ಲ. ಆ ಹೊತ್ತಿನಲ್ಲಿ ಹತ್ತಿರ ಇದ್ದರು ಅನ್ನೋದೇ ದೊಡ್ಡ ಸಾಕ್ಷಿ. ದಾದಿ ರೋಗಿಯ ಹತ್ತಿರ ಇರದೆ ಇನ್ನೆಲ್ಲಿರಬೇಕು? 1977ರ ಜುಲೈನಲ್ಲಿ ಜ್ಯೂರಿ ಅವರನ್ನು ಅಪರಾಧಿಗಳೆಂದಿತು. ಫಿಲಿಪಿನೊ ಜನ ಊರೂರಲ್ಲಿ ಸಮಿತಿ ಕಟ್ಟಿದರು, ಚಂದಾ ಎತ್ತಿದರು, ಬೀದಿಗೆ ಬಂದರು. ಸರ್ಕಾರಿ ವಕೀಲರ ನಡತೆ ಸರಿಯಿಲ್ಲವೆಂದು ಡಿಸೆಂಬರಿನಲ್ಲಿ ನ್ಯಾಯಾಧೀಶರು ಹೊಸ ವಿಚಾರಣೆಗೆ ಆದೇಶ ಕೊಟ್ಟರು. 1978ರ ಫೆಬ್ರವರಿಯಲ್ಲಿ ಆರೋಪಗಳನ್ನೇ ಕೈಬಿಟ್ಟರು.

ವೀಸಾಗಳ ಅಕ್ಷರ ಮಾತ್ರ ಬದಲಾಗುತ್ತಾ ಬಂತು. 1989ರ ಕಾಯ್ದೆ, ಮೊದಲೇ ಬಂದು ದುಡಿಯುತ್ತಿದ್ದವರಿಗೆ ನೆಲಸುವ ಹಕ್ಕು ಕೊಟ್ಟು, ಎಚ್-1ಎ ಅಂತ ದಾದಿಯರದೇ ವೀಸಾ ಮಾಡಿತು. 1995ರಲ್ಲಿ ಅದು ಮುಗಿಯಿತು. 1999ರಲ್ಲಿ ಎಚ್-1ಸಿ ಬಂತು, ವರ್ಷಕ್ಕೆ 500 ಜನಕ್ಕೆ ಮಾತ್ರ. ಅದೂ 2009ಕ್ಕೆ ಹೋಯಿತು. ಕೊರತೆ ಆದಾಗ ಬಾಗಿಲು, ತುಂಬಿದಾಗ ಗೋಡೆ. ಉಳಿದ ದೊಡ್ಡ ದಾರಿ ಕಾಯಂ ವಾಸದ ಹಸಿರು ಕಾರ್ಡು. ಅದಕ್ಕೆ ಮಾಲೀಕ ಅರ್ಜಿ ಹಾಕಬೇಕು, ದೇಶವಾರು ಮಿತಿಯ ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಈಚಿನ ವರ್ಷಗಳಲ್ಲಿ ಭಾರತದವರ ಸರದಿ ಹತ್ತು ವರ್ಷ ದಾಟಿದೆ.

ಈ ಹಸಿರು ಕಾರ್ಡಿನ ದಾರಿಯಲ್ಲಿ ನ್ಯೂಯಾರ್ಕಿಗೆ ಹೋದವರ ಕತೆ ನಮ್ಮ ಹುಡುಗಿಯರು ಓದಲೇಬೇಕು. ಲಾಂಗ್ ಐಲೆಂಡಿನ ಒಂದು ಆರೈಕೆ ಕೇಂದ್ರದಲ್ಲಿ ದುಡಿಯುತ್ತಿದ್ದ ಹತ್ತು ಜನ ಫಿಲಿಪಿನೊ ದಾದಿಯರು, ಹೇಳಿದ ಸಂಬಳ ಕೊಡುತ್ತಿಲ್ಲ, ಹೇಳಿದ ಷರತ್ತು ನಡೆಸುತ್ತಿಲ್ಲ ಅಂತ 2006ರ ಏಪ್ರಿಲ್‌ನಲ್ಲಿ ಒಟ್ಟಿಗೆ ರಾಜೀನಾಮೆ ಕೊಟ್ಟರು. ಪಾಳಿ ಮುಗಿಸಿಯೋ, ಪಾಳಿಗೆ ಮೊದಲೋ ಕೊಟ್ಟರು; ನಡುವೆ ರೋಗಿಯನ್ನು ಬಿಟ್ಟು ಓಡಲಿಲ್ಲ. ಆದರೂ 2007ರಲ್ಲಿ ಅವರ ಮೇಲೂ, ಅವರಿಗೆ ಸಲಹೆ ಕೊಟ್ಟ ವಕೀಲನ ಮೇಲೂ ಕ್ರಿಮಿನಲ್ ಕೇಸು ಬಿತ್ತು. ಕೆಲಸ ಬಿಟ್ಟದ್ದಕ್ಕೆ ಕ್ರಿಮಿನಲ್ ಕೇಸು! 2009ರ ಜನವರಿಯಲ್ಲಿ ಮೇಲಿನ ಕೋರ್ಟು ಆ ಮೊಕದ್ದಮೆಯನ್ನು ತಡೆಯಿತು. ತೀರ್ಪಿನಲ್ಲಿ ಎತ್ತಿದ್ದು ಯಾವ ಕಾನೂನನ್ನು ಗೊತ್ತೆ? ಗುಲಾಮಗಿರಿಯನ್ನು ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿಯನ್ನು. ಅದೇ ಮಾಲೀಕರ ಕಡೆಯ ಇನ್ನೊಂದು ಕೇಸಿನಲ್ಲಿ, ಅವಧಿಗೆ ಮೊದಲು ಬಿಟ್ಟರೆ 25 ಸಾವಿರ ಡಾಲರ್‌ವರೆಗೆ ದಂಡ ಅನ್ನೋ ಷರತ್ತು ಮಾನವ ಸಾಗಣೆ ತಡೆ ಕಾನೂನಿಗೆ ವಿರುದ್ಧ ಅಂತ 2019ರಲ್ಲಿ ಕೋರ್ಟು ಹೇಳಿತು. ನಮ್ಮಲ್ಲಿ 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕೋದು ಜೀತ ಅಂತ ಅದು ಹೇಳುತ್ತೆ. ದಂಡ ಹಾಕಿ ದಾದಿಯನ್ನು ಕಟ್ಟಿಹಾಕೋದಕ್ಕೆ ಬೇರೆ ಹೆಸರು ಯಾಕೆ ಬೇಕು?

2020ರಲ್ಲಿ ಕೊರೋನಾ ಬಂತು. ಅಮೆರಿಕದ ದಾದಿಯರಲ್ಲಿ ಫಿಲಿಪಿನೊಗಳು ನೂರಕ್ಕೆ ನಾಲ್ಕರಷ್ಟು. ಆ ವರ್ಷದ ಸೆಪ್ಟೆಂಬರಿನಲ್ಲಿ ದಾದಿಯರ ಯೂನಿಯನ್ ಲೆಕ್ಕ ಹಾಕಿದಾಗ, ಸತ್ತ ದಾದಿಯರಲ್ಲಿ ಮೂರನೇ ಒಂದು ಪಾಲಿನ ಹತ್ತಿರ ಅವರೇ. ಇತ್ತ ಏಪ್ರಿಲ್‌ನಲ್ಲಿ ಮನಿಲಾ ಸರ್ಕಾರ ದಾದಿಯರು ಹೊರಹೋಗುವುದನ್ನೇ ತಡೆಯಿತು. ಒಪ್ಪಂದ ಕೈಯಲ್ಲಿದ್ದೂ ಹೊರಡಲಾಗದವರು ತಮ್ಮನ್ನು ತಾವು ಸೆರೆಯ ದಾದಿಯರು ಅಂತ ಕರೆದುಕೊಂಡರು. ಊರಲ್ಲಿ ಇರಬೇಕಾದರೆ ಬದುಕುವಷ್ಟು ಸಂಬಳ ಕೊಡಿ ಅನ್ನೋದು ಅವರ ವಾದ. ನವೆಂಬರಿನಲ್ಲಿ ತಡೆ ಸಡಿಲಿಸಿ, ವರ್ಷಕ್ಕೆ 5 ಸಾವಿರ ಅಂತ ಮಿತಿ ಹಾಕಿದರು.

ಹುಡುಗಿ ತಂದ ಕಾಗದಗಳನ್ನು ರಾತ್ರಿ ಕೂತು ಓದಿದೆವು. ಮೊದಲ ಪುಟಗಳಲ್ಲಿ ಸಂಬಳ, ರಜೆ, ವಸತಿ. ಹದಿಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಕಟ್ಟಬೇಕಾದ ಹಣ. ಅವಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. 'ಇದನ್ನ ಅವರು ಹೇಳಲೇ ಇಲ್ಲ ಮೇಷ್ಟ್ರೆ' ಅಂದಳು. ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದುಕೊಂಡಳು. ಸೋಮವಾರ ಏಜೆಂಟನ ಆಫೀಸಿಗೆ ಹೋಗುವಾಗ ಜೊತೆಗೆ ಬರ್ತೀರಾ ಅಂತ ಕೇಳಿದಳು. ಅವಳ ಜೊತೆ ಓದಿದ ಇನ್ನೂ ನಾಲ್ವರು ಅದೇ ಕಾಗದಕ್ಕೆ ಆಗಲೇ ಸಹಿ ಹಾಕಿದ್ದಾರಂತೆ. ಅವರನ್ನೂ ಕರಕೊಂಡು ಬಾ ಅಂತ ಹೇಳಿದ್ದೇನೆ.