ಕೀಲುಗೊಂಬೆಯ ಹಾದಿ: ತುಮಕೂರು ಸೀಮೆಯಿಂದ ಕಂಡ ಆ್ಯಕ್ಷನ್ ಫಿಗರ್‌ಗಳ ಬೆಳವಣಿಗೆ

ಕೈಕಾಲು, ಕುತ್ತಿಗೆ, ಸೊಂಟಗಳನ್ನು ಬೇಕಾದ ಹಾಗೆ ತಿರುಗಿಸಿ ನಿಲ್ಲಿಸಬಹುದಾದ ಪ್ಲಾಸ್ಟಿಕ್ ವೀರರ ಗೊಂಬೆಗೆ 'ಆ್ಯಕ್ಷನ್ ಫಿಗರ್' ಎಂಬ ಹೆಸರು ಬಂದದ್ದು 1964ರಲ್ಲಿ. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಆ ವರ್ಷ 'ಜಿ.ಐ. ಜೋ' ಎಂಬ ಸೈನಿಕನನ್ನು ಅಂಗಡಿಗೆ ತಂದಾಗ, ಗೊಂಬೆಯೆಂದರೆ ಹೆಣ್ಣುಮಕ್ಕಳ ಆಟದ ಸಾಮಾನು ಎಂದು ನಂಬಿದ್ದ ತಂದೆತಾಯಿಯರು ಅದನ್ನು ಗಂಡುಮಕ್ಕಳಿಗೆ ಕೊಡಿಸಲಾರರೆಂಬ ಅಳುಕಿನಿಂದ 'ಗೊಂಬೆ' ಎಂಬ ಮಾತನ್ನೇ ದೂರವಿಟ್ಟು ಈ ಹೊಸ ಹೆಸರನ್ನು ಕಟ್ಟಿತು. ಕನ್ನಡಕ್ಕೆ ಅಂಥ ಅಳುಕು ಇರಲಿಲ್ಲ; ಅಂಗಾಂಗಗಳು ಆಡುವ ಗೊಂಬೆಯನ್ನು ಅದು ಹಿಂದಿನಿಂದಲೂ 'ಕೀಲುಗೊಂಬೆ' ಎಂದು ಕರೆದಿದೆ. ಕೀಲು ಎಂದರೆ ಎರಡು ಭಾಗಗಳನ್ನು ಬಿಗಿಯಾಗಿ ಹಿಡಿದಿಟ್ಟೂ ತಿರುಗಲು ಬಿಡುವ ಸಂದು. ಬಂಡಿಯ ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವುದು ಕೀಲು, ಮುಪ್ಪಿನಲ್ಲಿ ಮಂಡಿಯೊಳಗೆ ನೋಯುವುದೂ ಕೀಲು. ಸಂಗ್ರಹಕಾರರು ತಮ್ಮ ಹಳೆಯ ಗೊಂಬೆಗಳನ್ನು ಮತ್ತೆ ಕೈಗೆತ್ತಿಕೊಂಡು ಬೆಲೆಕಟ್ಟುವಾಗ ಸಾಮಾನ್ಯವಾಗಿ ಬಣ್ಣವನ್ನೂ ಪೊಟ್ಟಣವನ್ನೂ ಮೊದಲು ನೋಡುತ್ತಾರೆ. ಆದರೆ ಗೊಂಬೆ ಹೇಗೆ ತಯಾರಾಯಿತು, ಹೇಗೆ ಆಡಲ್ಪಟ್ಟಿತು, ಹೇಗೆ ಸೋತಿತು ಎಂಬುದನ್ನೆಲ್ಲ ಒಟ್ಟಿಗೆ ಹೇಳಬಲ್ಲದ್ದು ಕೀಲೊಂದೇ ಆದ್ದರಿಂದ ಈ ಕ್ಷೇತ್ರದ ಚರಿತ್ರೆಯನ್ನು ಕೀಲಿನ ಚರಿತ್ರೆಯಾಗಿಯೇ ಓದಬೇಕಾಗುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳಿರುವ ಸೀಮೆಯ ಸುತ್ತಲಿನ ಗೊಂಬೆ ಪರಂಪರೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವುಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕುಣಿಗಲ್ಲಿನಿಂದ ಹುಲಿಯೂರುದುರ್ಗದ ದಾರಿ ಹಿಡಿದು ತೆಂಕಣಕ್ಕೆ ಹೋದರೆ ಸಿಗುವ ಮದ್ದೂರು–ಚನ್ನಪಟ್ಟಣದ ಸೀಮೆಯಲ್ಲಿ, ಹಾಲೆ ಮರದ ತುಂಡನ್ನು ತಿರುಗಣಿಯ ಮೇಲೆ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು ಅದರ ಕಾವಿಗೇ ಕರಗಿಸಿ ಬಳಿಯುವ ಕಸುಬು ಬೆಳೆಯಿತು. ಕಡೆತದಿಂದ ಹುಟ್ಟುವ ಆಕಾರ ಯಾವಾಗಲೂ ದುಂಡಗಿರುವುದರಿಂದ ಚನ್ನಪಟ್ಟಣದ ಸಿಪಾಯಿಗೆ ಬಿಡಿಯಾದ ಕೈಕಾಲುಗಳಿಲ್ಲ. ಅವನ ಚೆಲುವೆಲ್ಲ ಮೈಯ ನುಣುಪಿನಲ್ಲಿದೆ. ಮದುವೆಯಲ್ಲಿ ಹೆಣ್ಣಿಗೆ ತವರಿನಿಂದ ಕೊಡುವ ರಕ್ತಚಂದನದ ಪಟ್ಟದ ಗೊಂಬೆಗಳಿಗೂ ಕೀಲಿಲ್ಲ, ಅವು ನಿಂತಲ್ಲೇ ನಿಂತು ಮನೆತನದ ಗೌರವ ಕಾಯುತ್ತವೆ. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಅಂಗಗಳನ್ನು ಬೇರೆಬೇರೆಯಾಗಿ ಕೆತ್ತಿದರೂ ಹುಣಸೆಬೀಜದ ಅಂಟಿನಿಂದ ಬೆಸೆದುಬಿಡುವುದರಿಂದ ಅಲ್ಲಿ ಸಂದು ಇದ್ದೂ ಚಲನೆ ಇಲ್ಲ. ನಿಜವಾದ ಚಲನೆ ಇದ್ದದ್ದು ಆಟದ ಗೊಂಬೆಗಳಲ್ಲಿ: ಸೂತ್ರದ ಗೊಂಬೆಯ ಮೊಣಕೈಯಲ್ಲಿ, ತೊಗಲುಗೊಂಬೆಯಾಟದ ನಗೆಯ ಜೋಡಿಯಾದ ಕಿಳ್ಳೇಕ್ಯಾತ–ಬಂಗಾರಕ್ಕರ ಅಂಗಗಳನ್ನು ಹಿಡಿದ ದಾರದ ಗಂಟಿನಲ್ಲಿ. ಆ ಗಂಟು ಬಿಗಿಯಾದರೆ ಕೈ ಆಡುವುದಿಲ್ಲ, ಸಡಿಲವಾದರೆ ತೋಳು ಜೋತುಬೀಳುತ್ತದೆ. ಮುಂದೆ ಪ್ಲಾಸ್ಟಿಕ್ ಯುಗದ ಎಂಜಿನಿಯರುಗಳನ್ನು ಕಾಡಿದ್ದೂ ಇದೇ ತೊಡಕು.

ಸಂಗ್ರಹವನ್ನು ಆಗಾಗ ಹೊರತೆಗೆದು ಪರಿಶೀಲಿಸುವ ಅಭ್ಯಾಸವೂ ಈ ನಾಡಿಗೆ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವುದೆಂದರೆ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ, ಹಳೆಯ ಪಂಚೆ ಸೀರೆಗಳ ಸುತ್ತನ್ನು ಬಿಚ್ಚಿ, ಒಂದೊಂದನ್ನೂ ಒರೆಸಿ, ಮೂಗು ಮುಕ್ಕಾದದ್ದು ಯಾವುದು, ಬಣ್ಣ ಹಾರಿದ್ದು ಯಾವುದು, ಇದು ಯಾರ ಮದುವೆಯಲ್ಲಿ ಬಂದದ್ದು ಎಂದು ನೆನೆಯುತ್ತ, ಬೆಸ ಸಂಖ್ಯೆಯ ಮೆಟ್ಟಿಲುಗಳ ಮೇಲೆ ಅದರದರ ಸ್ಥಾನದಲ್ಲಿ ಇಡುವುದು. ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಈ ಲೆಕ್ಕ ತೆಗೆಯುವಿಕೆಗಿಂತ ಶ್ರದ್ಧೆಯ ವಿಮರ್ಶೆ ಇನ್ನೊಂದಿರಲಾರದು. ಇಂದು ಪಾಶ್ಚಾತ್ಯ ಸಂಗ್ರಹಕಾರರು ಗಾಜಿನ ಕಪಾಟಿನ ಮುಂದೆ ಮಾಡುವ ಕೆಲಸವನ್ನು ಇಲ್ಲಿನ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ ಎಂಬುದನ್ನು ಈ ಕ್ಷೇತ್ರದ ಬರಹಗಳು ಗುರುತಿಸದೆ ಹೋದದ್ದು ದೊಡ್ಡ ಕೊರತೆ. ಮೆಟ್ಟಿಲುಗಳ ಕೆಳಗೆ ರಾಗಿ ಪೈರು ಬೆಳೆಸಿ ಕಟ್ಟುವ 'ಪಾರ್ಕ್'ನಲ್ಲಿ ಮಕ್ಕಳು ತಮ್ಮ ಪ್ಲಾಸ್ಟಿಕ್ ಸೈನಿಕರನ್ನೂ ಕಾರುಗಳನ್ನೂ ತಂದಿಟ್ಟಾಗ ಎರಡು ಪರಂಪರೆಗಳು ಸದ್ದಿಲ್ಲದೆ ಕೂಡಿದವು.

1964ರ ಜಿ.ಐ. ಜೋ ಸುಮಾರು 30 ಸೆಂ.ಮೀ. ಎತ್ತರದವನು, ಅವನ ಮೈಯಲ್ಲಿ 21 ಚಲಿಸುವ ಭಾಗಗಳಿದ್ದವು, ಬಟ್ಟೆ ತೊಡಿಸಬಹುದಿತ್ತು. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ದುಬಾರಿಯಾದಾಗ ಇಷ್ಟು ದೊಡ್ಡ ಗೊಂಬೆ ಭಾರವಾಗಿ, 1976ರ ಹೊತ್ತಿಗೆ ಅಮೆರಿಕದಲ್ಲಿ ಅವನ ಮೊದಲ ಅಧ್ಯಾಯ ಮುಗಿಯಿತು. 1978ರಲ್ಲಿ ಕೆನ್ನರ್ ಕಂಪನಿ 'ಸ್ಟಾರ್ ವಾರ್ಸ್' ಚಲನಚಿತ್ರದ ಪಾತ್ರಗಳನ್ನು ಸುಮಾರು ಒಂಬತ್ತೂವರೆ ಸೆಂ.ಮೀ. ಎತ್ತರದಲ್ಲಿ, ಕುತ್ತಿಗೆ, ಭುಜ, ತೊಡೆಸಂದು ಸೇರಿ ಬರೀ ಐದು ಕೀಲುಗಳೊಂದಿಗೆ ತಂದು ಗೆದ್ದಿತು. ಅಂಗೈಯಲ್ಲಿ ಹಿಡಿಯುವ ಗಾತ್ರದಿಂದ ಒಂದೇ ಗೊಂಬೆಯ ಬದಲು ಇಡೀ ಪಾತ್ರವರ್ಗವನ್ನೇ ಕೂಡಿಡುವ ಆಸೆ ಹುಟ್ಟಿತು. ಸಂಗ್ರಹವೆಂಬ ಹವ್ಯಾಸದ ನಿಜವಾದ ಬೇರು ಇಲ್ಲಿದೆ.

ನಿರ್ಣಾಯಕ ವರ್ಷ 1982. ಆ ವರ್ಷ ಎರಡು ತೀರ ಭಿನ್ನವಾದ ಕೀಲುಗಳು ಎದುರುಬದುರಾದವು. ಹ್ಯಾಸ್‌ಬ್ರೋ ಜಿ.ಐ. ಜೋನನ್ನು ಸ್ಟಾರ್ ವಾರ್ಸ್ ಅಳತೆಗೇ ಕುಗ್ಗಿಸಿತಾದರೂ ಮೊಣಕೈ, ಮೊಣಕಾಲು, ಸೊಂಟಗಳ ಚಲನೆಯನ್ನು ಬಿಟ್ಟುಕೊಡಲಿಲ್ಲ. ಇವುಗಳಲ್ಲಿ ಸೊಂಟದ ಚಲನೆಯನ್ನು ಸಾಧಿಸಿದ್ದು ಮುಂಡದೊಳಗೆ ಅಡಗಿದ ಒಂದು ಸಣ್ಣ ರಬ್ಬರ್ ಉಂಗುರ: ಮೇಲ್ಭಾಗದ ಒಳಗೆ ಸಿಕ್ಕಿಕೊಂಡ ಈ ಉಂಗುರ ಕೆಳಗಡೆ ಎರಡೂ ಕಾಲುಗಳನ್ನು ಹೊತ್ತ ಕೊಕ್ಕೆಯನ್ನು ಎಳೆದು ಹಿಡಿದಿರುತ್ತದೆ, ಬೆನ್ನಿನಲ್ಲಿರುವ ಒಂದೇ ಒಂದು ತಿರುಪು ಎದೆ–ಬೆನ್ನುಗಳ ಚಿಪ್ಪುಗಳನ್ನು ಮುಚ್ಚುತ್ತದೆ. 1983ರಲ್ಲಿ ತೋಳಿನ ನಡುಭಾಗಕ್ಕೆ ತಿರುವು ಬಂದದ್ದರಿಂದ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿಸಲು ಸಾಧ್ಯವಾಯಿತು, 1985ರಲ್ಲಿ ಕುತ್ತಿಗೆಗೆ ಗುಂಡಿನಾಕಾರದ ಕೀಲು ಸೇರಿ ತಲೆ ಓರೆಯಾಗಿಯೂ ನೋಡಬಲ್ಲದ್ದಾಯಿತು. ಪೊಟ್ಟಣದ ಹಿಂಬದಿಯಲ್ಲಿ ಪ್ರತಿಯೊಬ್ಬ ಸೈನಿಕನ ಹುಟ್ಟೂರು, ಕಸುಬು, ಸ್ವಭಾವಗಳನ್ನು ತಿಳಿಸುವ ಚೀಟಿಗಳಿಗೆ ಲ್ಯಾರಿ ಹಾಮಾ ಬರೆದ ಮಾತುಗಳು ಅಂಗೈಯಗಲದ ಆಳಿಗೂ ಜೀವ ತುಂಬಿದವು. ಅದೇ 1982ರಲ್ಲಿ ಮ್ಯಾಟೆಲ್ ಕಂಪನಿ ತಂದ 'ಹೀ-ಮ್ಯಾನ್' ಸರಣಿಯ ವೀರರು ಸುಮಾರು 14 ಸೆಂ.ಮೀ. ಎತ್ತರದ, ಉಬ್ಬಿದ ಎದೆಯ, ಕುಕ್ಕರಿಸಿದಂತೆ ನಿಂತ ಆಳುಗಳು. ಮೊಣಕೈ ಮೊಣಕಾಲು ಬಗ್ಗುವುದಿಲ್ಲ. ಅದಕ್ಕೆ ಬದಲಾಗಿ ಸೊಂಟದಲ್ಲಿ ಸ್ಪ್ರಿಂಗ್ ಇದ್ದು, ಮುಂಡವನ್ನು ಪಕ್ಕಕ್ಕೆ ತಿರುವಿ ಬಿಟ್ಟರೆ ಕೈ ಬೀಸಿ ಗುದ್ದುತ್ತದೆ. ಒಂದು ಭಂಗಿಗಾಗಿ ಕಟ್ಟಿದ ಕೀಲು, ಇನ್ನೊಂದು ಹೊಡೆತಕ್ಕಾಗಿ ಕಟ್ಟಿದ ಕೀಲು. ನಿಂತು ನೋಡುವವರಿಗೆ ಜಿ.ಐ. ಜೋ ಮೇಲೆನಿಸಬಹುದು, ಆದರೆ ಎರಡು ಗೊಂಬೆಗಳನ್ನು ಎದುರು ನಿಲ್ಲಿಸಿ ಕಾದಾಡಿಸುವ ಮಗುವಿನ ಕೈಯಲ್ಲಿ ಹೀ-ಮ್ಯಾನ್‌ನ ಆ ಒಂದು ಬೀಸಿಗೆ ಸಮನಾದದ್ದು ಇಲ್ಲ.

ಭಾರತದಲ್ಲಿ ಈ ಎರಡೂ ಸರಣಿಗಳು ಆಮದಾಗಿ ಬರದೆ ಇಲ್ಲಿಯೇ ತಯಾರಾದವು ಎಂಬುದು ಸಂಗ್ರಹದ ದೃಷ್ಟಿಯಿಂದ ಮಹತ್ವದ ಸಂಗತಿ. ಮ್ಯಾಟೆಲ್‌ನ ಪರವಾನಗಿಯಲ್ಲಿ 'ಲಿಯೋ' ಹೆಸರಿನಡಿ ಹೀ-ಮ್ಯಾನ್ ಗೊಂಬೆಗಳು ಬಂದವು. ದೂರದರ್ಶನದಲ್ಲಿ ಹೀ-ಮ್ಯಾನ್ ಕಾರ್ಟೂನ್ ಪ್ರಸಾರವಾದ ಕಾಲ ಅವಕ್ಕೆ ಬಲ ಕೊಟ್ಟಿತು. ಟೈರು ತಯಾರಕರಾದ ಎಂ.ಆರ್.ಎಫ್. ಮತ್ತು ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಸ್ಥಾಪಿಸಿದ ಫನ್‌ಸ್ಕೂಲ್ ಕಂಪನಿ ಗೋವಾದ ಕಾರ್ಖಾನೆಯಲ್ಲಿ ಜಿ.ಐ. ಜೋ ತಯಾರಿಸಿತು. ಪ್ಲಾಸ್ಟಿಕ್ ಎರಕ ಹೊಯ್ಯುವ ಉಕ್ಕಿನ ಅಚ್ಚುಗಳು ಬಹಳ ದುಬಾರಿಯಾದದ್ದರಿಂದ ಒಂದು ದೇಶದಲ್ಲಿ ಕೆಲಸ ಮುಗಿಸಿದ ಅಚ್ಚನ್ನು ಇನ್ನೊಂದು ದೇಶಕ್ಕೆ ಸಾಗಿಸುವುದು ವಾಡಿಕೆಯಾಗಿತ್ತು. ಬ್ರೆಜಿಲ್‌ನ ಎಸ್ಟ್ರೆಲಾ, ಅರ್ಜೆಂಟೀನಾದ ಪ್ಲಾಸ್ಟಿರಾಮಾ ಕಂಪನಿಗಳಂತೆ ಫನ್‌ಸ್ಕೂಲ್ ಕೂಡ ಹೀಗೆ ಬಂದ ಅಚ್ಚುಗಳಿಂದ ಗೊಂಬೆ ಹೊಯ್ದು, ಇಲ್ಲಿ ಸಿಗುವ ಬಣ್ಣಗಳನ್ನು ಬಳಿದು, ಕೆಲವೊಮ್ಮೆ ಒಬ್ಬನ ತಲೆಗೆ ಇನ್ನೊಬ್ಬನ ಮುಂಡವನ್ನು ಕೂಡಿಸಿ, ಅಮೆರಿಕದಲ್ಲಿ ಎಂದೂ ಇಲ್ಲದ ಆಳುಗಳನ್ನು ಸೃಷ್ಟಿಸಿತು. ಅಂದು ತಪ್ಪೆನಿಸಿರಬಹುದಾದ ಈ ಬಣ್ಣಗೇಡುಗಳೇ ಇಂದು ಹೊರದೇಶದ ಸಂಗ್ರಹಕಾರರು ಹುಡುಕಿ ಕೊಳ್ಳುವ ವಿಶೇಷಗಳಾಗಿವೆ. ಆದ್ದರಿಂದ ತುಮಕೂರಿನ ಅಟ್ಟದ ಮೇಲೆ ಸಿಗುವ ಒಂದು ಫನ್‌ಸ್ಕೂಲ್ ಸೈನಿಕನನ್ನು ಮೂಲದ ಕಳಪೆ ನಕಲೆಂದು ನೋಡುವುದು ಸರಿಯಲ್ಲ. ಅದು ತನ್ನದೇ ಪಾಠಾಂತರವುಳ್ಳ ಪ್ರತಿ.

ಈ ವೀರರನ್ನು ಸ್ವೀಕರಿಸಿದ ನೆಲದಲ್ಲಿ ಬೇರೊಂದು ವೀರಪರಂಪರೆ ಆಗಲೇ ಬೇರೂರಿತ್ತೆಂಬುದನ್ನು ಮರೆಯಲಾಗದು. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ' ನಾಟಕಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಇಂದಿಗೂ ಈ ಜಿಲ್ಲೆಯ ಹಳ್ಳಿಗಳಲ್ಲಿ ಡ್ರಾಮಾ ಸೀನರಿಯನ್ನು ಬಾಡಿಗೆಗೆ ತಂದು ರಾತ್ರಿಯಿಡೀ ಪೌರಾಣಿಕ ನಾಟಕ ಆಡುತ್ತಾರೆ. ಕಿರೀಟ, ಭುಜಕೀರ್ತಿ, ಎದೆಕವಚ ತೊಟ್ಟು ಗದೆಯನ್ನು ಹೆಗಲಿಗೇರಿಸಿ ಕಾಲಗಲಿಸಿ ನಿಂತ ಭೀಮನನ್ನು ಕಂಡು ಬೆಳೆದ ಕಣ್ಣಿಗೆ, ಎದೆಗೆ ಪಟ್ಟಿ ಬಿಗಿದು ಕತ್ತಿ ಹಿಡಿದ ಹೀ-ಮ್ಯಾನ್ ಅಪರಿಚಿತನಾಗಿ ಕಾಣಬೇಕಾದ ಕಾರಣವಿರಲಿಲ್ಲ. ಶಿವರಾತ್ರಿಯ ಸುಮಾರಿಗೆ ನೆರೆಯುವ ಸಿದ್ಧಗಂಗೆಯ ಜಾತ್ರೆ, ಗುಬ್ಬಿಯ ಚನ್ನಬಸವೇಶ್ವರ ಜಾತ್ರೆ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಜಾತ್ರೆಗಳ ಆಟಿಕೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಗದೆಯೂ ಪರದೇಶದ ವೀರನೂ ಒಂದೇ ಹಗ್ಗಕ್ಕೆ ತೂಗುವುದು ಸಹಜವೇ. 2001ರಲ್ಲಿ ಆಮದಿನ ಮೇಲಿನ ಪರಿಮಾಣ ನಿರ್ಬಂಧಗಳು ತೆರವಾದ ಮೇಲೆ ಚೀನಾದಿಂದ ಬಂದ ಅಗ್ಗದ ಗೊಂಬೆಗಳು ಈ ಅಂಗಡಿಗಳನ್ನು ತುಂಬಿದವು. ಒಬ್ಬನ ಮುಖ, ಮತ್ತೊಬ್ಬನ ಲಾಂಛನ, ಯಾರದೋ ಹೆಸರು ಹೊತ್ತ ಈ ಟೊಳ್ಳು ಮೈಯ ಆಳುಗಳ ತೋಳು ಬರೀ ಒಂದು ಗೂಟದ ಮೇಲೆ ತಿರುಗುತ್ತದೆ. ಸಂಗ್ರಹಕಾರರು ಇವನ್ನು ತಿರಸ್ಕರಿಸುವುದುಂಟು. ಆದರೆ ಜಾತ್ರೆಯಿಂದ ಮನೆಗೆ ಬಂದ ವೀರರಲ್ಲಿ ಇಂಥವರೇ ಹೆಚ್ಚಿನವರಾದ್ದರಿಂದ ಅವರನ್ನು ಬಿಟ್ಟು ಬರೆದ ಚರಿತ್ರೆ ಪೇಟೆಯ ಶ್ರೀಮಂತ ಮಕ್ಕಳ ಚರಿತ್ರೆಯಷ್ಟೇ ಆಗುತ್ತದೆ.

ಮುಂದಿನ ಹಂತದಲ್ಲಿ ಗೊಂಬೆ ಮಕ್ಕಳ ಕೈಯಿಂದ ದೊಡ್ಡವರ ಕಪಾಟಿಗೆ ಸರಿಯಿತು. 1994ರಲ್ಲಿ ಟಾಡ್ ಮ್ಯಾಕ್‌ಫರ್ಲೇನ್ ಆರಂಭಿಸಿದ ಕಂಪನಿ ಶಿಲ್ಪದ ಸೂಕ್ಷ್ಮತೆಗೆ ಒತ್ತುಕೊಟ್ಟು ಚಲನೆಯನ್ನು ಹಿಂದಿಟ್ಟಿತು. 2002ರ 'ಮಾರ್ವೆಲ್ ಲೆಜೆಂಡ್ಸ್' ಸುಮಾರು 15 ಸೆಂ.ಮೀ. ಗೊಂಬೆಯಲ್ಲಿ ಮೂವತ್ತಕ್ಕೂ ಹೆಚ್ಚು ಕೀಲುಗಳನ್ನು ಇಟ್ಟಿತು. 2008ರಲ್ಲಿ ಜಪಾನಿನಿಂದ ಬಂದ 'ಫಿಗ್ಮಾ' ಮತ್ತು 'ಎಸ್.ಎಚ್. ಫಿಗುವಾರ್ಟ್ಸ್' ಸರಣಿಗಳು ಬೇರೆಬೇರೆ ಭಂಗಿಗೆ ಬೇರೆಬೇರೆ ಕೈಗಳನ್ನೇ ಒದಗಿಸಿದವು. 2020ರಲ್ಲಿ ಮ್ಯಾಟೆಲ್ ಹೊರತಂದ 'ಒರಿಜಿನ್ಸ್' ಸರಣಿಯ ಹೀ-ಮ್ಯಾನ್ ನೋಡಲು 1982ರವನಂತೆಯೇ ಇದ್ದರೂ ಅವನ ಮೊಣಕೈ ಮೊಣಕಾಲುಗಳು ಬಗ್ಗುತ್ತವೆ, ಹಳೆಯ ಸ್ಪ್ರಿಂಗ್ ಮಾತ್ರ ಇಲ್ಲ. ಕೀಲು ಹೆಚ್ಚಿದಷ್ಟೂ ಗೊಂಬೆ ಉತ್ತಮವೆಂಬ ಮಾತನ್ನು ಇಲ್ಲಿ ಒಪ್ಪಲಾಗದು: ಹೊಸ ಹೀ-ಮ್ಯಾನ್ ಚೆನ್ನಾಗಿ ನಿಲ್ಲುತ್ತಾನೆ, ಆದರೆ ಗುದ್ದುವುದನ್ನು ಮರೆತಿದ್ದಾನೆ. ಪೊಟ್ಟಣ ಒಡೆಯದೆ, ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿ, ಅಂಕ ಹಾಕಿಸಿ ಇಡುವ ಪದ್ಧತಿಯೂ ಈ ಕಾಲದ್ದೇ. ಅಂಥ ಗೊಂಬೆಯ ಕೀಲನ್ನು ಯಾರೂ ಮುಟ್ಟಿ ನೋಡಿರುವುದಿಲ್ಲವಾದ್ದರಿಂದ ಅದರ ಬೆಲೆಯನ್ನು ಹೇಳಬಹುದೇ ಹೊರತು ಗುಣವನ್ನು ಹೇಳಲಾಗದು.

ಹಳೆಯ ಸಂಗ್ರಹವನ್ನು ಮತ್ತೆ ತೆರೆದಾಗ ಎದುರಾಗುವುದು ವಸ್ತುವಿನ ಮುಪ್ಪು. ಬಿಳಿ ಪ್ಲಾಸ್ಟಿಕ್ ಬೆಳಕು ಶಾಖಗಳಿಗೆ ಹಳದಿಗಟ್ಟುತ್ತದೆ. ಮೆದುತನಕ್ಕಾಗಿ ಬೆರೆಸಿದ ಎಣ್ಣೆಯಂಥ ದ್ರವ್ಯ ವರ್ಷಗಳ ಮೇಲೆ ಹೊರಜಿನುಗಿ ಮೈ ಅಂಟಂಟಾಗುತ್ತದೆ. ಬಟ್ಟೆಯ ನಡುವೆ ಹಾಕುವ ನುಸಿಗುಳಿಗೆ ಕೆಲವು ಬಗೆಯ ಪ್ಲಾಸ್ಟಿಕ್ಕನ್ನೇ ಮೆತ್ತಗಾಗಿಸಿ ಕೆಡಿಸುವುದರಿಂದ ದಸರಾ ಟ್ರಂಕಿನ ಈ ಒಂದು ರೂಢಿಯನ್ನು ಪ್ಲಾಸ್ಟಿಕ್ ಗೊಂಬೆಗಳ ವಿಷಯದಲ್ಲಿ ಕೈಬಿಡಬೇಕು. ಜಿ.ಐ. ಜೋನಲ್ಲಿ ಮೊದಲು ಸೋಲುವುದು ಒಳಗಿನ ರಬ್ಬರ್ ಉಂಗುರ. ಅದು ಒಣಗಿ ಬಿರಿದು ಒಂದು ದಿನ ತುಂಡಾದಾಗ, ಎತ್ತಿಕೊಂಡವರ ಕೈಯಲ್ಲಿ ಮುಂಡ ಉಳಿದು ಸೊಂಟದಿಂದ ಕೆಳಗಿನ ಭಾಗ ನೆಲಕ್ಕೆ ಬೀಳುತ್ತದೆ. ಗೊಂಬೆ ಮುರಿಯಿತೆಂದು ಅದೆಷ್ಟೋ ಮನೆಗಳಲ್ಲಿ ಎಸೆದದ್ದು ಈ ಒಂದು ಉಂಗುರಕ್ಕಾಗಿ. ಬೆನ್ನಿನ ತಿರುಪನ್ನು ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್‌ನಿಂದ ಬಿಚ್ಚಿ, ತೋಳುಗಳು ಜಾರದಂತೆ ಹಿಡಿದು, ಕೊಕ್ಕೆಗೆ ಹೊಸ ಉಂಗುರ ತೊಡಿಸಿ, ಚಿಪ್ಪುಗಳನ್ನು ಕೂಡಿಸಿ ತಿರುಪನ್ನು ಹದವಾಗಿ ಬಿಗಿದರೆ ಸೈನಿಕ ಮತ್ತೆ ನೆಟ್ಟಗಾಗುತ್ತಾನೆ. ಅತಿಯಾಗಿ ಬಿಗಿದರೆ ಭುಜದ ಬಳಿ ಚಿಪ್ಪು ಸೀಳುತ್ತದೆ. ಕೊಳವೆಬಾವಿ ಮೋಟಾರುಗಳ ಮೇಲೆ ಬದುಕುವ ಈ ಸೀಮೆಯಲ್ಲಿ ಪಂಪು–ನಲ್ಲಿಗಳ ಬಿಡಿಭಾಗ ಮಾರುವ ಅಂಗಡಿಗಳಿಗೆ ಇಂಥ ಉಂಗುರದ ಇಂಗ್ಲಿಷ್ ಹೆಸರಾದ 'ಓ-ರಿಂಗ್' ಹೊಸದಲ್ಲ. ಅಳತೆ ಹೊಂದಿದರೆ ಸಾಕು. ಹೀಗೆ ಉಂಗುರ ಬದಲಿಸಿದ ಗೊಂಬೆಯನ್ನು 'ಮೂಲಸ್ಥಿತಿ ಕಳೆದುಕೊಂಡದ್ದು' ಎಂದು ಕೆಳಗಿಡುವ ವಾಡಿಕೆ ತಪ್ಪು. ತೊಗಲುಗೊಂಬೆಯ ದಾರವನ್ನೂ ಕಾಲಕಾಲಕ್ಕೆ ಬದಲಿಸಿಯೇ ಆಟ ನಡೆದದ್ದು.

ಇತ್ತೀಚೆಗೆ ತಯಾರಿಕೆಯ ನೆಲೆಯೂ ಬದಲಾಗುತ್ತಿದೆ. 2020ರ ಫೆಬ್ರುವರಿಯಲ್ಲಿ ಆಟಿಕೆಗಳ ಆಮದು ಸುಂಕ 20ರಿಂದ 60 ಪ್ರತಿಶತಕ್ಕೆ, 2023ರಲ್ಲಿ 70ಕ್ಕೆ ಏರಿತು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದು, 14 ವರ್ಷದೊಳಗಿನವರ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ತಯಾರಿಕಾ ವಲಯಕ್ಕೆ ಚಾಲನೆ ದೊರೆತದ್ದೂ ಈ ಕಾಲದಲ್ಲೇ. ಅಂಟಿನಿಂದ ಅಂಗ ಬೆಸೆಯುವ ಕಿನ್ನಾಳವಿರುವುದೂ ಅದೇ ಜಿಲ್ಲೆಯಲ್ಲಿ. ಅಲ್ಲಿ ಮುಂದೆ ಹುಟ್ಟುವ ಗೊಂಬೆಗಳು ಯಾವ ಕೀಲಿನವಾಗಿರಲಿ, ಸದ್ಯಕ್ಕೆ ಈ ಸೀಮೆಯ ಸಂಗ್ರಹಗಳಲ್ಲಿ ಅತಿ ಹೆಚ್ಚು ಕೈ ಬದಲಿಸಿ ಉಳಿದುಬಂದಿರುವುದು ಗೋವಾದಲ್ಲಿ ಎರಕವಾದ ಅಂಗೈಯಗಲದ ಸೈನಿಕನೇ: ಹೆಬ್ಬೆರಳು ಮುರಿದು, ಬಂದೂಕು ಕಳೆದು, ಸೊಂಟಕ್ಕೆ ಪಂಪಿನ ಉಂಗುರ ತೊಟ್ಟು, ನವರಾತ್ರಿಯ ರಾಗಿ ಪೈರಿನ ನಡುವೆ ಚನ್ನಪಟ್ಟಣದ ಕುದುರೆಯ ಪಕ್ಕದಲ್ಲಿ ಮಂಡಿ ಬಗ್ಗಿಸಿ ಕುಳಿತಿರುವವನು.