ಭರತಪುರದಲ್ಲಿ ವಲಸೆ ಹಕ್ಕಿಗಳ ಬೇಟೆ ಮತ್ತು ಸೆರೆ

ರಾಜಸ್ಥಾನದ ಭರತಪುರದ ಕೇವಲಾದೇವ ಘನಾ ಜೌಗಿಗೆ ಚಳಿಗಾಲದಲ್ಲಿ ಬಂದಿಳಿಯುವ ಬಾತು, ಹೆಬ್ಬಾತು ಮುಂತಾದ ಹಕ್ಕಿಗಳನ್ನು ಮೊದಲು ಮೋಜಿಗಾಗಿ ಕೊಂದರು. ಆಮೇಲೆ ವಲಸೆಯ ಜಾಡು ತಿಳಿಯಲು ಕಾಲಿಗೆ ಉಂಗುರ ತೊಡಿಸಿ ಬಿಡಲೆಂದು ಹಿಡಿದರು. ಬೇಟೆಯ ಲೆಕ್ಕವನ್ನು ಅಲ್ಲಿನ ಕಲ್ಲಿನ ಮೇಲೆ ಕೊರೆದಿದ್ದಾರೆ. ವಿವಾದವಿರುವುದು ಉಂಗುರದ ಕಾಲದ ಬಗ್ಗೆ.

ಅಜಾನ್ ಬಂಧ ಎಂಬ ಕಟ್ಟೆಯ ನೀರನ್ನು ಹಾಯಿಸಿ, ಏರಿಗಳನ್ನು ಕಟ್ಟಿ ಭರತಪುರದ ಅರಸರು ಈ ತಗ್ಗನ್ನು ಬೇಟೆಯ ತಾಣವಾಗಿಸಿದರು. ಕಲ್ಲಿನಲ್ಲಿರುವ ಪಟ್ಟಿ 1902ರಿಂದ 1964ರವರೆಗಿನದು. 1938ರ ನವೆಂಬರ್ 12ರಂದು ವೈಸರಾಯ್ ಲಿನ್ಲಿತ್‌ಗೋ ಬಂದಾಗ ಒಂದೇ ದಿನ ಬಿದ್ದವು 4,273 ಹಕ್ಕಿಗಳು. 1956ರಲ್ಲಿ ಪಕ್ಷಿಧಾಮವಾದ ಮೇಲೂ ಮಾಜಿ ಅರಸರ ಬೇಟೆಯ ಹಕ್ಕು 1972ರವರೆಗೆ ಉಳಿಯಿತು. ಆ ವರ್ಷದ ವನ್ಯಜೀವಿ ಕಾಯ್ದೆ ದೇಶದಲ್ಲಿ ಬೇಟೆಯನ್ನೇ ನಿಲ್ಲಿಸಿತೆಂಬ ಮಾತು ಹಲವೆಡೆ ಕಾಣುತ್ತದೆ, ಅದು ಸರಿಯಲ್ಲ. ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಪರವಾನಗಿ ಕೊಡಲು ಆ ಕಾಯ್ದೆಯಲ್ಲೇ ಅವಕಾಶವಿತ್ತು. ಅದನ್ನು ತೆಗೆದದ್ದು 1991ರ ತಿದ್ದುಪಡಿ.

ಉಂಗುರದ ಕಥೆಯ ಬೇರು ಮಲೆನಾಡಿನಲ್ಲಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಮುಂದೆ ಮಂಗನ ಕಾಯಿಲೆ ಎಂದು ಹೆಸರಾದ ಜ್ವರಕ್ಕೆ ಜನರೂ ಬಲಿಯಾದರು. ಪತ್ತೆಯಾದ ವೈರಾಣು ರಷ್ಯಾದ ಮಿದುಳುಜ್ವರದ ವೈರಾಣುವಿಗೆ ಹತ್ತಿರದ್ದಾಗಿತ್ತು. ಸೈಬೀರಿಯದ ಹಕ್ಕಿಗಳು ಅದನ್ನೋ, ಅದನ್ನು ಹೊತ್ತ ಉಣ್ಣೆಯನ್ನೋ ತಂದಿರಬಹುದೆಂಬ ಗುಮಾನಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಿ ವಲಸೆಯ ಅಧ್ಯಯನಕ್ಕಿಳಿಯಿತು; ಭರತಪುರವೂ ಅದರ ತಾಣವಾಯಿತು.

ವಿಜ್ಞಾನಿಗಳಿಗೆ ಹಕ್ಕಿ ಹಿಡಿದುಕೊಟ್ಟವರಲ್ಲಿ ಬಿಹಾರದ ಮೀರ್‌ಶಿಕಾರರು ಪ್ರಮುಖರು. ಹಕ್ಕಿ ಹಿಡಿದು ಮಾರುವುದೇ ಅವರ ಕುಲಕಸುಬು. ಉರುಲು, ಬಲೆ, ಮರದ ಹಾಲಿನಿಂದ ಮಾಡಿದ ಅಂಟು ಇವೇ ಅವರ ಸಲಕರಣೆ. ಜಪಾನಿನ ತೆಳುಬಲೆ ಇವುಗಳ ಜೊತೆಗೆ ಸೇರಿತು. ಅವರಲ್ಲಿ ಹೆಚ್ಚಾಗಿ ಹೊರಗೆ ಬಂದದ್ದು ಅಲಿ ಹುಸೇನ್ ಹೆಸರು. ಬಂದೂಕು ಹಿಡಿದವರಿಗೆ ಸಿಕ್ಕ ಕಲ್ಲು ಬಲೆ ಹಿಡಿದವರಿಗೆ ಸಿಗಲಿಲ್ಲ. ಉಂಗುರಗಳ ಸುದ್ದಿಯೂ ಬಹುಮಟ್ಟಿಗೆ ಬಂದದ್ದು ಬೇಟೆಗಾರರಿಂದಲೇ: ಭರತಪುರದಲ್ಲಿ ಬಿಟ್ಟ ಬಾತುಗಳು ಸೋವಿಯತ್ ನೆಲದಲ್ಲಿ ಗುಂಡಿಗೆ ಸಿಕ್ಕಾಗ.

ಯೋಜನೆಗೆ ಮುಂದೆ ಹಣ ಬಂದದ್ದು ಅಮೆರಿಕದ ಸೇನೆಯ ಸಂಶೋಧನಾ ವಿಭಾಗದಿಂದ. ಹಕ್ಕಿಗಳ ರಕ್ತ, ಉಣ್ಣೆಗಳ ಮಾದರಿಗಳನ್ನು ಸಂಗ್ರಹಿಸುತ್ತಿದ್ದುದರಿಂದ ಇದು ಜೈವಿಕ ಯುದ್ಧದ ತಯಾರಿಯೇ ಎಂದು 1970ರ ದಶಕದಲ್ಲಿ ಪತ್ರಿಕೆಗಳು ಕೇಳಿದವು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರ ವರದಿಯಲ್ಲಿ ವಿದೇಶಿ ಸಹಯೋಗದ ಇಂಥ ಯೋಜನೆಗಳನ್ನು ಕಟುವಾಗಿ ಟೀಕಿಸಿತು. ಸಲೀಂ ಅಲಿ ಆರೋಪವನ್ನು ತಳ್ಳಿಹಾಕಿದರು. ಹಣದ ಮೂಲ ನಿರ್ವಿವಾದ. ಹಕ್ಕಿಗಳನ್ನು ಆಯುಧವಾಗಿಸುವ ಉದ್ದೇಶವಿತ್ತೆಂಬುದು ರುಜುವಾತಾಗಲಿಲ್ಲ. ಇವೆರಡನ್ನೂ ಒಂದೇ ಎಂಬಂತೆ ಬರೆದವರೇ ಗೊಂದಲವನ್ನು ಬೆಳೆಸಿದ್ದಾರೆ.

ಮೂಲ ಗುಮಾನಿಗೂ ಆಧಾರ ಸಿಗಲಿಲ್ಲ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಗಳಿಂದ. ಅದನ್ನು ಸೈಬೀರಿಯದ ಹಕ್ಕಿಗಳು ತಂದವೆಂಬುದು ಸಾಬೀತಾಗಿಲ್ಲ.