ಮಹಾಗ್ರಂಥಗಳ ವಿಭಾಗ ಮತ್ತು ಅಂಕನಕ್ರಮ

ಗ್ರಂಥವು ಸಣ್ಣದಾದರೆ ಅದರ ನಿರ್ವಹಣಕ್ಕೆ ಬರೆದವನ ಜ್ಞಾಪಕಶಕ್ತಿಯೇ ಸಾಕು. ಅದು ಲಕ್ಷಶ್ಲೋಕಪರಿಮಿತಿಗೆ ಬೆಳೆದಾಗ ಎರಡು ತೊಡಕುಗಳು ಹುಟ್ಟುವುವು. ಬೇಕಾದ ಸ್ಥಳವನ್ನು ಕಂಡುಹಿಡಿಯುವುದೆಂತು? ಒಂದು ಪ್ರತಿಯಿಂದ ಇನ್ನೊಂದಕ್ಕೆ ಇಳಿಯುವಾಗ ಏನೂ ಸೇರಿಲ್ಲವೆಂದೂ ಏನೂ ಬಿಟ್ಟುಹೋಗಿಲ್ಲವೆಂದೂ ಅರಿಯುವುದೆಂತು? ಇಂದು ಗಣಕಯಂತ್ರದ ಪದಸಂಸ್ಕರಣ ತಂತ್ರಾಂಶಗಳಲ್ಲಿ ಸಾವಿರಾರು ಪುಟಗಳ ಗ್ರಂಥಗಳನ್ನು ಸಿದ್ಧಪಡಿಸುವವರನ್ನು ಕಾಡುವ ತೊಡಕುಗಳೂ ಇವೇ. ಇವುಗಳ ಪರಿಹಾರಕ್ಕೆ ನಡೆದ ಯತ್ನಗಳನ್ನು ಮಹಾಭಾರತದ ಪಾಠಪರಂಪರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ಆದಿಪರ್ವದ ಪರ್ವಸಂಗ್ರಹದಲ್ಲಿ ಹದಿನೆಂಟು ಪರ್ವಗಳ ಕಥಾಸಾರವಷ್ಟೇ ಅಲ್ಲದೆ ಒಂದೊಂದರ ಅಧ್ಯಾಯಸಂಖ್ಯೆಯೂ ಶ್ಲೋಕಸಂಖ್ಯೆಯೂ ಉಕ್ತವಾಗಿವೆ. ಇದು ವಿಷಯಾನುಕ್ರಮಣಿಯೂ ಹೌದು, ಲೆಕ್ಕದ ಕಾವಲೂ ಹೌದು. ಆದರೆ ಕಾವಲುಗಾರನೇ ಕೆಡುವುದುಂಟು. ಸಂಶೋಧಿತ ಪಾಠದಲ್ಲಿ ಆದಿಪರ್ವಕ್ಕೆ 218 ಅಧ್ಯಾಯ, 7984 ಶ್ಲೋಕಗಳೆಂದಿದ್ದರೆ, ಪ್ರಚಲಿತ ಪಾಠದಲ್ಲಿ 227 ಅಧ್ಯಾಯ, 8884 ಶ್ಲೋಕಗಳೆಂದಿದೆ. ಸಂಶೋಧಿತ ಆದಿಪರ್ವದಲ್ಲಿ ವಸ್ತುತಃ ಇರುವ ಅಧ್ಯಾಯಗಳಾದರೋ 225. ಲಿಪಿಕಾರರು ಮೂವತ್ತೆರಡು ಅಕ್ಷರಗಳನ್ನು ಒಂದು ‘ಗ್ರಂಥ’ವೆಂದೆಣಿಸಿ ಪ್ರತಿಯ ಪ್ರಮಾಣವನ್ನು ಅಳೆಯುತ್ತಿದ್ದರು. ಓಲೆಯ ಅಂಚಿನ ಅಂಕೆಯು ಆ ಕಟ್ಟಿಗೆ ಮಾತ್ರ ಸಲ್ಲುವುದು, ಮತ್ತೊಂದು ಪ್ರತಿಯಲ್ಲಿ ಅದಕ್ಕೆ ಅರ್ಥವಿಲ್ಲ. ಪುಟಸಂಖ್ಯೆಯ ದೌರ್ಬಲ್ಯವೂ ಇದೇ.

ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ 1919ರಲ್ಲಿ ಆರಂಭವಾಗಿ 1966ರಲ್ಲಿ ಮುಗಿದ ಸಂಶೋಧಿತ ಆವೃತ್ತಿಯು ಈ ಸಮಸ್ಯೆಯನ್ನು ಹೊಸದಾಗಿ ಎದುರಿಸಿತು. ಆದಿಪರ್ವವೊಂದಕ್ಕೇ ಸುಮಾರು 60 ಪ್ರತಿಗಳ ಪಾಠಭೇದಗಳನ್ನು ಏಕತ್ರ ನೋಡಬೇಕಾಗಿದ್ದಿತು. 1925ರಿಂದ ಪ್ರಧಾನ ಸಂಪಾದಕರಾಗಿದ್ದ ವಿಷ್ಣು ಸೀತಾರಾಮ ಸುಕ್ಥಂಕರರ ಕಾಲದಲ್ಲಿ ಬಳಕೆಯಲ್ಲಿದ್ದ ಕ್ರಮವು ಸರಳವಾದುದು: ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದ ಹಾಳೆಯ ಮೇಲೆ ಪ್ರಚಲಿತ ಪಾಠದ ಶ್ಲೋಕವನ್ನು ಬರೆದು, ಅದರ ಕೆಳಗೆ ಒಂದೊಂದು ಪ್ರತಿಯ ಪಾಠಭೇದವನ್ನು ಅಕ್ಷರಕ್ಕೆ ಅಕ್ಷರ ಹೊಂದುವಂತೆ ಆಯಾ ಕೋಷ್ಠದಲ್ಲಿ ತುಂಬುವುದು. ಹೆಚ್ಚಿನ ಭಾಗಗಳು ದೀರ್ಘವಾಗಿದ್ದರೆ ಬೇರೆ ಹಾಳೆಯಲ್ಲಿ ಬರೆದು ಸ್ವಸ್ಥಾನದಲ್ಲಿ ಸೇರಿಸುತ್ತಿದ್ದರು.

ಇದಕ್ಕಿಂತಲೂ ಗಮನಾರ್ಹವಾದುದು ಪ್ರಕ್ಷೇಪಗಳ ಅಂಕನ. ಕೆಲವೇ ಪ್ರತಿಗಳಲ್ಲಿರುವ ಪಂಕ್ತಿಗಳನ್ನು ಮೂಲದ ಎಣಿಕೆಯೊಳಗೆ ಸೇರಿಸಿದರೆ ಮುಂದಿನ ಶ್ಲೋಕಗಳೆಲ್ಲದರ ಅಂಕೆಗಳೂ ಪಲ್ಲಟವಾಗುವುವು; ತೊರೆದುಬಿಟ್ಟರೆ ಸಾಕ್ಷ್ಯವೇ ನಷ್ಟವಾಗುವುದು. ಸಂಪಾದಕರು ಅವನ್ನು ನಕ್ಷತ್ರಚಿಹ್ನೆಯೊಡನೆ ಬೇರೆಯೇ ಒಂದು ಎಣಿಕೆಯಲ್ಲಿ ಅಡಿಟಿಪ್ಪಣಿಗಿಳಿಸಿದರು, ದೀರ್ಘವಾದುವನ್ನು ಪರಿಶಿಷ್ಟಕ್ಕೆ ಕಳುಹಿಸಿದರು. ಮೂಲದ ಅಂಕೆ ಚಲಿಸಲಿಲ್ಲ. ಯಾವುದೂ ಕಳೆದುಹೋಗಲೂ ಇಲ್ಲ.

ಕಳೆದ ಶತಮಾನದ ಕೊನೆಯ ದಶಕದಲ್ಲಿ ಕ್ಯೋಟೋದ ವಿದ್ವಾಂಸ ಮುನೇಓ ತೊಕುನಾಗರು ಈ ಆವೃತ್ತಿಯ ಪಾಠವನ್ನು ಗಣಕಯಂತ್ರಕ್ಕೆ ಏರಿಸಿದರು. ಕೇಂಬ್ರಿಜ್ಜಿನ ಜಾನ್ ಸ್ಮಿತ್ ಅದನ್ನು ಪರಿಷ್ಕರಿಸಿದರು. ಇಲ್ಲಿ ಪರ್ವಕ್ಕೊಂದರಂತೆ ಹದಿನೆಂಟು ಕಡತಗಳು. (ಕಡತವೆಂದರೆ ಹಿಂದೆ ಮಸಿ ಬಳಿದ ಬಟ್ಟೆಯ ಮಡಿಕೆಪುಸ್ತಕ, ಗಣಕದವರ ಬಾಯಲ್ಲಿ ಆ ಹಳೆಯ ಮಾತು ಬದುಕಿಕೊಂಡಿರುವುದು ಸಂತೋಷದ ಸಂಗತಿ.) ಪರ್ವಕ್ಕೆ ಎರಡು, ಅಧ್ಯಾಯಕ್ಕೆ ಮೂರು, ಶ್ಲೋಕಕ್ಕೆ ಮೂರು ಅಂಕೆಗಳಾಗಿ ಪ್ರತಿಯೊಂದು ಪಂಕ್ತಿಯ ಮೊದಲಲ್ಲಿಯೇ ಅದರ ವಿಳಾಸವಿದೆ; ಅರ್ಧಶ್ಲೋಕವನ್ನು ಒಂದು ರೋಮನ್ ಅಕ್ಷರವು ಸೂಚಿಸುವುದು. ಭಗವದ್ಗೀತೆಯ ಮೊದಲ ಶ್ಲೋಕವು 06023001. ಪ್ರಚಲಿತ ಪಾಠದಲ್ಲಿ ಗೀತೆಯು ಭೀಷ್ಮಪರ್ವದ 25ನೆಯ ಅಧ್ಯಾಯದಿಂದ ಆರಂಭವಾಗುವುದು, ಸಂಶೋಧಿತ ಪಾಠದಲ್ಲಿ 23ರಿಂದ. ಆದುದರಿಂದ ಯಾವ ಆವೃತ್ತಿಯ ಅಂಕೆಯೆಂಬುದನ್ನು ಹೇಳದೆ ಉದಾಹರಿಸುವ ಅಭ್ಯಾಸವು ಅಧ್ಯಾಪಕರಲ್ಲಿ ನಿಲ್ಲಬೇಕು.

ಪದಸಂಸ್ಕರಣ ತಂತ್ರಾಂಶಗಳು ಅನುಸರಿಸಿದ ಮಾರ್ಗವು ಬೇರೆ. ಶೀರ್ಷಿಕೆಗಳನ್ನು ನಿಯತ ಶೈಲಿಯಲ್ಲಿ ಗುರುತಿಸಿದರೆ ವಿಷಯಾನುಕ್ರಮಣಿಯನ್ನು ಯಂತ್ರವೇ ರಚಿಸುವುದು, ಅಂಕೆಗಳನ್ನೂ ತಾನೇ ಹಾಕುವುದು. ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದಲ್ಲಿ ಹಲವು ಕಡತಗಳನ್ನು ಒಂದು ಪ್ರಧಾನ ಕಡತದಡಿ ಪೋಣಿಸುವ ಸೌಕರ್ಯವೂ ಉಂಟು. ಬಳಸಿದವರಲ್ಲಿ ಹಲವರಿಗೆ ಅದರಲ್ಲಿ ವಿಶ್ವಾಸವಿಲ್ಲ. ಇನ್ನೂ ರಚನೆಯಾಗುತ್ತಿರುವ ಗ್ರಂಥಕ್ಕೆ ಸ್ವಯಂಚಾಲಿತ ಅಂಕನವು ಉಪಕಾರಿಯೇ ಸರಿ. ಸಿದ್ಧಪಾಠಕ್ಕೆ ಅದು ಅಪಾಯಕರ. ನಡುವೆ ಒಂದು ಪದ್ಯವನ್ನು ಸೇರಿಸಿದೊಡನೆ ಮುಂದಿನವೆಲ್ಲವೂ ಸದ್ದಿಲ್ಲದೆ ಹೆಸರು ಬದಲಾಯಿಸಿಕೊಳ್ಳುವುವು. ಬರಿಯ ಅಕ್ಷರಗಳನ್ನಷ್ಟೇ ಬೇರೆಡೆಗೆ ನಕಲು ಮಾಡಿದಾಗ ಅಂಕೆಗಳೇ ಉಳಿಯದಿರಬಹುದು. ತೊಕುನಾಗರ ಅಂಕೆಗಳು ಅಕ್ಷರಗಳೊಡನೆಯೇ ಬರೆಯಲ್ಪಟ್ಟಿರುವುದರಿಂದ ಪಾಠವು ಹೋದೆಡೆಗೆ ಅವೂ ಹೋಗುವುವು.

ಕನ್ನಡದ ದೀರ್ಘಕಾವ್ಯಗಳಿಗೆ ಈ ವಿಳಾಸಕ್ರಮವು ಅನಾಯಾಸವಾಗಿ ಒಗ್ಗುವುದು. ಕುಮಾರವ್ಯಾಸಭಾರತದ ಹತ್ತು ಪರ್ವಗಳಿಗೆ ಎರಡು ಅಂಕೆ, ಸಂಧಿಗೆ ಎರಡು, ಪದ್ಯಕ್ಕೆ ಮೂರು ಸಾಕು. ಒಂದೇ ಪ್ರತಿಯಲ್ಲಿ ದೊರೆಯುವ ಪದ್ಯಗಳಿಗೆ ಪುಣೆಯ ನಕ್ಷತ್ರಚಿಹ್ನೆಯನ್ನೇ ಇಡಬಹುದು. ಸಂಧಿಯ ಮೊದಲಲ್ಲಿ ನಿಂತು ಮುಂದಿನ ಕಥೆಯನ್ನು ಸಂಗ್ರಹಿಸುವ ಸೂಚನೆಯ ಪದ್ಯವು ಎಣಿಕೆಗೆ ಹೊರಗಾದುದು. ಅದಕ್ಕೆ 000 ಎಂದು ಕೊಟ್ಟಲ್ಲಿ, ಸೂಚನೆಗಳನ್ನಷ್ಟೇ ಬೇರ್ಪಡಿಸಿ ಇಡೀ ಕಾವ್ಯದ ಅನುಕ್ರಮಣಿಯನ್ನು ಕವಿಯ ಮಾತಿನಲ್ಲಿಯೇ ಪಡೆಯುವುದಕ್ಕೆ ಅವಕಾಶವಾಗುವುದು.